ಪೆಂಬಾದ ಲವಂಗ

ಪೂರ್ವ ಆಫ್ರಿಕಾದ ದ್ವೀಪಸಮೂಹ ಜಾಂಜಿಬಾರ್ ಎಂದರೆ ಎಲ್ಲರೂ ಬಿಳಿ ಮರಳಿನ ಕಡಲತೀರವನ್ನೇ ಹೊಗಳುತ್ತಾರೆ. ನಾನು ಮನಸೋತದ್ದು ಅಲ್ಲಿನ ಪೆಂಬಾ ದ್ವೀಪದ ಲವಂಗಕ್ಕೆ. ಕೊಯ್ಲಿನ ಕಾಲದಲ್ಲಿ ರಸ್ತೆಯ ಅಂಚಿನಲ್ಲೇ ಚಾಪೆ ಹಾಸಿ ಮೊಗ್ಗು ಒಣಗಿಸುತ್ತಾರೆ. ಹಸಿರು ಮೊಗ್ಗು ನಸುಗೆಂಪಿಗೆ ತಿರುಗಿದಾಗ, ಅರಳುವ ಮೊದಲೇ ಕೀಳಬೇಕು. ಒಂದನ್ನು ಉಗುರಿನಿಂದ ಒತ್ತಿದೆ, ಎಣ್ಣೆ ಜಿನುಗಿತು. ಬೆರಳಿನ ಘಮ ರಾತ್ರಿ ಊಟದವರೆಗೂ ಹೋಗಲಿಲ್ಲ.

ಆದರೆ 19ನೇ ಶತಮಾನದಲ್ಲಿ, ಒಮಾನಿ ಸುಲ್ತಾನರ ಕಾಲದಲ್ಲಿ, ಇಲ್ಲಿನ ತೋಟಗಳನ್ನು ಬೆಳೆಸಿದ್ದು ಗುಲಾಮರ ಬೆವರು. ಜಾಂಜಿಬಾರ್ ನಗರದ ಹಳೆಯ ಭಾಗವಾದ ಸ್ಟೋನ್ ಟೌನ್‌ನ ಗುಲಾಮರ ಸಂತೆ 1873ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಚರ್ಚ್ ಇದೆ. ಕಡಲಿಗೆ ಇಳಿಯುವ ಮೊದಲು ಅಲ್ಲಿಗೆ ಹೋಗಿ ಎಂದು ಎಲ್ಲರಿಗೂ ಹೇಳುತ್ತೇನೆ.

ಉಂಗುಜಾ ದ್ವೀಪದ ಜೊಜಾನಿ ಕಾಡನ್ನೂ ಬಿಡಬೇಡಿ. ಈ ದ್ವೀಪಸಮೂಹದಲ್ಲಷ್ಟೇ ಬದುಕಿರುವ ಕೆಂಪು ಕೊಲೊಬಸ್ ಕೋತಿಗಳು ಅಲ್ಲಿವೆ. ಎಲೆ ತಿನ್ನುವ ಇವು ಸುಟ್ಟ ಮರದ ಇದ್ದಿಲನ್ನೂ ಮೆಲ್ಲುತ್ತವೆ. ಎಲೆಯ ವಿಷಾಂಶವನ್ನು ಅದು ಹೀರಿಕೊಳ್ಳುತ್ತದಂತೆ.