ಲೈನ್ ಕಟ್ ಆಗಲಿಲ್ಲ, ನಾನೇ ಫೇಡರ್ ಇಳಿಸಿದೆ

ನಮ್ಮ ಸಮುದಾಯ ರೇಡಿಯೊದ ದೇಣಿಗೆ ವಾರದಲ್ಲಿ ಲೈವ್ ಫೋನ್-ಇನ್ ಬೇಡ ಅಂತ ನಾನು ಹೇಳಿದ್ದೆ. ಕಮಿಟಿಯವರು ಕೇಳಲಿಲ್ಲ. "ಲೈವ್ ಇದ್ರೇನೇ ಜನ ರೊಕ್ಕ ಕೊಡ್ತಾರ್ರಿ" ಅಂದರು. ಅವರದೂ ಪೂರ್ತಿ ಸುಳ್ಳಲ್ಲ, ಜಾಹೀರಾತು ನಂಬಿ ಕೂರುವಂತಿಲ್ಲ. 2024ರಲ್ಲಿ ಸಮುದಾಯ ರೇಡಿಯೊ ಜಾಹೀರಾತಿನ ಮಿತಿ ಗಂಟೆಗೆ 7 ನಿಮಿಷದಿಂದ 12ಕ್ಕೆ ಏರಿತು. ಸರ್ಕಾರಿ ಜಾಹೀರಾತಿನ ದರವೂ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. ಸರಿ, ಆದರೆ ಕಲಬುರಗಿ ಕಡೆಯ ಹಳ್ಳಿ ಸ್ಟೇಷನ್ನಿಗೆ ಆ 12 ನಿಮಿಷ ತುಂಬಿಸುವಷ್ಟು ಜಾಹೀರಾತು ಯಾರು ಕೊಡುತ್ತಾರೆ? ನಮ್ಮ ಕರೆಂಟ್ ಬಿಲ್ಲು, ಯುಪಿಎಸ್ ಬ್ಯಾಟರಿ ಎಲ್ಲ ನಡೆಯುವುದು ಕೇಳುಗರ ಐವತ್ತು, ನೂರರ ಮೇಲೆ.

ಅವತ್ತಿನ ವಿಷಯ ತೊಗರಿ ಗಿಡ ಒಣಗಿಸುವ ನೆಟೆ ರೋಗ. ಕೃಷಿ ವಿಜ್ಞಾನಿಯೊಬ್ಬರು ಬಂದಿದ್ದರು. ರೋಗದ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಹೊಲಕ್ಕೆ ತೊಗರಿ ಹಾಕುತ್ತಲೇ ಇರಬೇಡಿ, ನಡುವೆ ಜೋಳ ಬಿತ್ತಿ, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಚ್ಚಿ, ಟಿಎಸ್-3ಆರ್‌ನಂಥ ತಡೆದುಕೊಳ್ಳುವ ತಳಿ ತನ್ನಿ ಅಂತ ಚೆನ್ನಾಗಿ ಹೇಳುತ್ತಿದ್ದರು. ನಡುನಡುವೆ ನಾನು ದೇಣಿಗೆ ನಂಬರ್ ಓದುತ್ತಿದ್ದೆ.

ಒಬ್ಬ ರೈತರ ಫೋನ್ ಬಂತು. "ನಂದು ಐನೂರು ಬರ್ಕೋರಿ. ಆದ್ರ ಒಂದ್ ಮಾತು. ಟಿಎಸ್-3ಆರ್ ಅಂತ್ಲೇ ಬೀಜ ತಂದೀನಿ. ಹೊಲ ಪೂರಾ ಒಣಗ್ಯಾದ. ಯಾವ ಅಂಗಡಿ ಹೇಳ್ಲೇನು?" ಬೇಡ ಅನ್ನುವಷ್ಟರಲ್ಲಿ ಹೇಳಿಯೇಬಿಟ್ಟರು. ಅಂಗಡಿ, ಮಾಲೀಕ, ಎರಡೂ. ಆ ಅಂಗಡಿಯವರು ನಮ್ಮ ತಿಂಗಳ ದಾನಿ. ಹಿಂದಿನ ದಿನವಷ್ಟೇ ಅವರ ಹೆಸರು ಓದಿ ಧನ್ಯವಾದ ಹೇಳಿದ್ದೆ.

ಮಾತನ್ನು ಕೆಲವು ಸೆಕೆಂಡ್ ತಡೆದು ಗಾಳಿಗೆ ಬಿಡುವ ಡಿಲೇ ನಮ್ಮಲ್ಲಿ ಇಲ್ಲ. ಗಾಳಿಗೆ ಹೋದದ್ದು ಹೋಯಿತು. ವಿಜ್ಞಾನಿ ಮೈಕಿನಿಂದ ಹಿಂದೆ ಸರಿದು ತಮ್ಮ ಫೈಲಿನಲ್ಲಿ ಏನೋ ಹುಡುಕತೊಡಗಿದರು. ಗಾಜಿನಾಚೆ ಆಪರೇಟರ್ ಹುಡುಗಿ ಎರಡೂ ಕೈ ಎತ್ತಿ ಏನು ಮಾಡ್ಲಿ ಅಂತ ಕೇಳುತ್ತಿದ್ದಳು. ರೈತರು ಮಾತು ನಿಲ್ಲಿಸಿರಲಿಲ್ಲ. ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಟ್ಯಾಗ್ ಇರಲಿಲ್ಲ, ರಸೀದಿ ಕೇಳಿದರೆ ಕೊಡಲಿಲ್ಲ ಅನ್ನುತ್ತಿದ್ದರು. ಬೀಜ ಕೊಳ್ಳುವ ಪ್ರತಿಯೊಬ್ಬರೂ ಕೇಳಬೇಕಾದ ಮಾತು ಅದು. ನನ್ನ ತಲೆಯಲ್ಲಿದ್ದದ್ದು ಮಾತ್ರ ಲೈಸೆನ್ಸು. ನಾವು ಸ್ವಂತ ಸುದ್ದಿ ಹಾಕುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ತಿರುಚದೆ ಹಾಕಬಹುದು ಅಷ್ಟೇ. ಇದು ಸುದ್ದಿಯೋ, ದೂರೋ, ಮಾನನಷ್ಟವೋ? ಅವರ ಲೈನಿನ ದನಿ ಏರಿಳಿಸುವ ಫೇಡರ್ ಇಳಿಸಿದೆ. "ಲೈನ್ ಕಟ್ಟಾದಂಗದ" ಅಂದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಕಿದೆ.

ಸ್ಟೇಷನ್ ಉಳಿಸಿದೆ ಅಂತ ಬೀಗಿದ್ದು ಆ ಪದ ಮುಗಿಯುವ ತನಕ ಮಾತ್ರ. ಆಮೇಲೆ ಕೇಳುಗರ ಫೋನ್ ಮೇಲೆ ಫೋನ್. "ಕಟ್ ಆಗಿಲ್ರಿ, ನೀವೇ ಕಟ್ ಮಾಡೀರಿ." "ನಮ್ ರೊಕ್ಕ ಬೇಕು, ಮಾತು ಬ್ಯಾಡೇನು?" ಒಬ್ಬ ಅಜ್ಜಿ ಬರೆಸಿದ್ದ ಐವತ್ತು ರೂಪಾಯಿ ವಾಪಸ್ ಕೇಳಿದರು. ಅಂಗಡಿಯವರು ದಾನಿ ಅಂತ ಊರಿಗೆಲ್ಲ ಸಾರಿದ್ದು ನಾನೇ ಅಲ್ವಾ? ರಾತ್ರಿ ಆ ಅಂಗಡಿಯವರೂ ಫೋನ್ ಮಾಡಿದರು. ಥ್ಯಾಂಕ್ಸ್ ಹೇಳಬಹುದು ಅಂದುಕೊಂಡೆ. "ನನ್ನ ಯಾಕ ಲೈನಿಗೆ ತಗೋಲಿಲ್ರಿ? ಈಗ ಎಲ್ಲರೂ ನಾ ರೊಕ್ಕ ಕೊಟ್ಟು ಬಾಯಿ ಮುಚ್ಚಿಸೀನಿ ಅಂತಾರ."

ಹೆಸರು ಬೇಡ, ಉಳಿದದ್ದು ಹೇಳಿ, ಅಂಗಡಿಯವರನ್ನೂ ಕೇಳ್ತೀವಿ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮುಂದಿನ ವಾರ ಹಾಗೇ ಮಾಡಿದೆವು, ಇಬ್ಬರನ್ನೂ ರೆಕಾರ್ಡ್ ಮಾಡಿ ಹಾಕಿದೆವು. ರೈತರು ಬಂದರು, ಐನೂರು ಮಾತ್ರ ಕೊಡಲಿಲ್ಲ. ಈಗ ದಾನಿಗಳ ಪಟ್ಟಿಯನ್ನು ಫೋನ್-ಇನ್ ಮಾಡುವವರು ಓದುವುದಿಲ್ಲ. ಬೇರೆಯವರು, ಬೇರೆ ಹೊತ್ತಿನಲ್ಲಿ ಓದುತ್ತಾರೆ.

ಕಮಿಟಿ ಮಾಡಿದ್ದು ಏನಪ್ಪಾ ಅಂದರೆ, "ಕೇಳುಗರು ಸಂಯಮದಿಂದ ಮಾತಾಡಬೇಕು" ಅಂತ ಸ್ಟುಡಿಯೊದ ಒಳಗೆ ಬೋರ್ಡು ಹಾಕಿಸಿದ್ದು. ಕೇಳುಗರಿಗೆ ಅದು ಹೇಗೆ ಕಾಣಬೇಕೋ ಗೊತ್ತಿಲ್ಲ. ಡಿಲೇ ಯೂನಿಟ್ ಕೋಟೇಶನ್ ಕೊಟ್ಟಿದ್ದೇನೆ. ಕೋರಂ ಆಗದೆ ಸಭೆ ಮುಂದಕ್ಕೆ ಹೋಗುತ್ತಲೇ ಇದೆ.