ಪರಿಷೆಗೆ ಹೋಗುವ ದಾರಿ

ಶನಿವಾರ, 23 ನವೆಂಬರ್ 2024
ಕೆಂಗೇರಿ ಉಪನಗರ, ರಾತ್ರಿ

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಈ ಸಲ ಸೈಕಲ್ಲಿನಲ್ಲೇ ಹೋಗಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಕಾರ್ತಿಕದ ಕಡೆಯ ಸೋಮವಾರ ನಾಡಿದ್ದು. ಆದರೆ ಆ ದಿನ ಅವಳಿಗೆ ಶಾಲೆ, ನನಗೆ ಕಚೇರಿ. ಅಂಗಡಿಗಳವರು ಹೇಗೂ ಎರಡು ದಿನ ಮುಂಚೆಯೇ ಬಂದು ರಾಶಿ ಹಾಕಿಕೊಂಡು ಕೂರುತ್ತಾರಾದ್ದರಿಂದ ನಾಳೆ ಬೆಳಗಿನ ಹೊತ್ತೇ ಸರಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ಅವಳು, ದಾರಿ ಹುಡುಕುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಒಬ್ಬನೇ ಹೋಗುವುದಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೈಸೂರು ರಸ್ತೆ ಹಿಡಿದು, ನಾಯಂಡಹಳ್ಳಿ ದಾಟಿ, ಗಾಳಿ ಆಂಜನೇಯನ ಗುಡಿಯ ಹತ್ತಿರ ಬಲಕ್ಕೆ ಹೊರಳಿ, ಆವಲಹಳ್ಳಿಯ ಮೇಲೆ ಹನುಮಂತನಗರ ಸೇರಿಬಿಡುತ್ತಿದ್ದೆ. ಮೊಬೈಲಿನ ನಕ್ಷೆ ಕೂಡ ಯಾವಾಗ ಕೇಳಿದರೂ ಅದನ್ನೇ ತೋರಿಸುತ್ತದೆ, ಏಕೆಂದರೆ ಅದು ಹತ್ತಿರದ ದಾರಿ. ಆದರೆ ಆ ರಸ್ತೆಯಲ್ಲಿ ಎಡಬದಿ ಎಂಬುದು ಸೈಕಲ್ಲಿನವರದಲ್ಲ, ಬಸ್ಸುಗಳದು. ಪ್ರತಿ ನಿಲ್ದಾಣದಲ್ಲೂ ಬಸ್ಸು ನಮ್ಮನ್ನು ಹಿಂದಿಕ್ಕಿ, ನಮ್ಮ ಮುಂದೆಯೇ ಎಡಕ್ಕೆ ಒತ್ತರಿಸಿ ನಿಲ್ಲುತ್ತದೆ. ಅದನ್ನು ಬಳಸಿಕೊಂಡು ಮುಂದೆ ಹೋಗಬೇಕೆಂದರೆ ಹಿಂದಿನಿಂದ ಬರುವ ಲಾರಿಯ ಹಾದಿಗೆ ಇಳಿಯಬೇಕು. ಮೆಟ್ರೋ ಕಂಬಗಳ ಸಾಲಿನ ಪಕ್ಕದಲ್ಲಿ ಬಲಕ್ಕೆ ತಿರುಗಲು ಕಾಯುತ್ತ ನಿಂತ ಹದಿನಾಲ್ಕು ವರ್ಷದ ಹುಡುಗಿಯನ್ನು ಕಲ್ಪಿಸಿಕೊಂಡ ಮೇಲೆ ಆ ದಾರಿಯನ್ನು ಕೈಬಿಟ್ಟೆ.

ಇನ್ನು ನೆರಳಿನ ದಾರಿಯೆಂದರೆ ನಮ್ಮ ಕಡೆಗೆಲ್ಲ ಜ್ಞಾನಭಾರತಿಯ ಆವರಣದ ರಸ್ತೆಗಳೇ. ಬೆಳಿಗ್ಗೆ ಅಲ್ಲಿ ಸೈಕಲ್ ಹೊಡೆಯುವ ಸುಖವೇ ಬೇರೆ. ಆದರೆ ಅದು ನಮ್ಮನ್ನು ನಾಗರಬಾವಿಯ ದಿಕ್ಕಿಗೆ ಒಯ್ಯುತ್ತದೆಯೇ ಹೊರತು ಪರಿಷೆ ನಡೆಯುವ ದೊಡ್ಡ ಬಸವಣ್ಣನ ಗುಡಿಯ ದಿಕ್ಕಿಗಲ್ಲ.

ಹಾಗಾಗಿ ಉಳಿದದ್ದು ಉತ್ತರಹಳ್ಳಿಯ ಕಡೆಯ ದಾರಿ. ಮೂರ್ನಾಲ್ಕು ಕಿಲೋಮೀಟರ್ ಸುತ್ತು, ನಡುವೆ ಒಂದೆರಡು ಒಳ್ಳೆಯ ಏರು. ಚನ್ನಸಂದ್ರದವರೆಗೆ ಟಿಪ್ಪರುಗಳ ಕಾಟವಿದ್ದೇ ಇದೆ, ಆದರೆ ಭಾನುವಾರ ಆರು ಗಂಟೆಗೆ ಅದೂ ಕಡಿಮೆ. ಉತ್ತರಹಳ್ಳಿ ದಾಟಿ ಮುಖ್ಯರಸ್ತೆ ಬಿಟ್ಟು, ಚಿಕ್ಕಲಸಂದ್ರದ ಅಡ್ಡರಸ್ತೆಗಳಲ್ಲಿ ಇಟ್ಟಮಡುವಿನ ಕಡೆಗೆ ನುಸುಳಿಕೊಂಡರೆ ಸದ್ದು ಒಮ್ಮೆಲೇ ಇಳಿಯುತ್ತದೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿರುವ ಹೆಂಗಸರು, ಹಾಲಿನ ಬೂತು, ಬಾಗಿಲು ಅರ್ಧ ತೆಗೆದ ದರ್ಶಿನಿ, ಹತ್ತು ಮಾರಿಗೊಂದು ರೋಡ್ ಹಂಪು. ಈ ಹಂಪುಗಳನ್ನು ಕಾರಿನಲ್ಲಿ ಹೋಗುವಾಗ ಬೈದುಕೊಳ್ಳುತ್ತೇವೆ. ಸೈಕಲ್ಲಿನವರಿಗೆ ಅವೇ ಕಾವಲು, ಏಕೆಂದರೆ ಅವುಗಳಿರುವ ಬೀದಿಗೆ ಅವಸರದವರು ಬರುವುದಿಲ್ಲ.

ಇವತ್ತು ಮಧ್ಯಾಹ್ನದ ಮೇಲೆ ಆ ದಾರಿಯನ್ನು ಒಮ್ಮೆ ನೋಡಿಬರಲು ಹೋಗಿದ್ದೆ. ನೋಡಬೇಕಾದದ್ದು ಬೀದಿಗಳನ್ನಲ್ಲ, ರಿಂಗ್ ರೋಡನ್ನು. ಸುಮಾರು ಅರವತ್ತು ಕಿಲೋಮೀಟರಿನ ಆ ವರ್ತುಲ ಬೆಂಗಳೂರನ್ನು ಸುತ್ತಿಕೊಂಡಿರುವುದರಿಂದ, ನಮ್ಮಂಥ ಹೊರಗಿನವರು ಎಷ್ಟೇ ಚೆಂದದ ಬೀದಿಗಳನ್ನು ಹುಡುಕಿಕೊಂಡು ಬಂದರೂ ಒಂದು ಕಡೆ ಅದನ್ನು ದಾಟಲೇಬೇಕು. ದಾಟುವ ಜಾಗ ಸರಿಯಿಲ್ಲದಿದ್ದರೆ ಅಲ್ಲಿಯವರೆಗಿನ ನೆರಳಿಗೂ ರಂಗೋಲಿಗೂ ಅರ್ಥವಿಲ್ಲ. ಸೈಕಲ್ ದಾರಿಯನ್ನು ವಿವರಿಸುವವರು ಸಾಮಾನ್ಯವಾಗಿ ಕೆರೆ, ಮರ, ಕಾಫಿ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ, ದಾಟುವುದು ಎಲ್ಲಿ ಎಂಬುದನ್ನು ಹೇಳುವುದಿಲ್ಲ.

ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ದಾಟಬಹುದೆಂದುಕೊಂಡು ಅಲ್ಲಿಗೆ ಹೋಗಿ ನಿಂತೆ. ಹಸಿರು ಬಂದರೂ ಎಡಕ್ಕೆ ತಿರುಗುವವರು ನಿಲ್ಲಲಿಲ್ಲ; ಕೆಂಪು ಬಂದ ಮೇಲೂ ನಾಲ್ಕೈದು ಬೈಕುಗಳು ಉಳಿದ ಹಸಿರನ್ನು ಬಾಚಿಕೊಂಡು ಹೋದವು. ಯೋಚಿಸುತ್ತ ಇಟ್ಟಮಡುವಿನ ಕಡೆಗೆ ಹಿಂದಕ್ಕೆ ಬರುವಾಗ, ಸಿಗ್ನಲ್ಲಿಗಿಂತ ಸ್ವಲ್ಪ ದೂರದಲ್ಲಿ, ರಸ್ತೆ ನಡುವಿನ ವಿಭಜಕದಲ್ಲಿ ನಡೆದುಹೋಗುವವರಿಗಾಗಿ ಬಿಟ್ಟ ಸಂದಿನ ಎದುರಿಗೆ ಒಬ್ಬ ಯಜಮಾನರು ತಳ್ಳುಗಾಡಿ ನಿಲ್ಲಿಸಿಕೊಂಡು ನಿಂತಿದ್ದರು. ಗಾಡಿಯ ತುಂಬ ಕಡಲೆಕಾಯಿ ಮೂಟೆ. ಮೂಟೆಗಳ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಬಾಣಲೆ, ಅದರ ಪಕ್ಕದಲ್ಲಿ ಹುರಿಯುವುದಕ್ಕೆ ಮರಳಿನ ಚೀಲ, ಮರಳನ್ನು ಸೋಸುವ ಜರಡಿ. ಹಿಡಿಗೆ ದಾರ ಕಟ್ಟಿ ನೇತುಹಾಕಿದ್ದ ಹಿತ್ತಾಳೆಯ ಪಾವು ಗಾಡಿ ಅಲುಗಿದಾಗಲೆಲ್ಲ ಕಬ್ಬಿಣಕ್ಕೆ ತಾಗಿ ಟಣ್ ಎನ್ನುತ್ತಿತ್ತು.

"ಪರಿಷೆಗಾ ಯಜಮಾನ್ರೇ?" ಎಂದು ಕೇಳಿದೆ.

"ಇನ್ನೆಲ್ಲಿಗೆ ಸಾರ್. ಇವತ್ತು ಜಾಗ ಹಿಡೀಲಿಲ್ಲ ಅಂದ್ರೆ ಆಮೇಲೆ ಸಂದಿಯೊಳಗೆ ನಿಂತ್ಕೋಬೇಕು" ಎಂದರು, ಕಣ್ಣು ಮಾತ್ರ ರಸ್ತೆಯ ಮೇಲಿತ್ತು.

ಸಿಗ್ನಲ್ಲಿನಲ್ಲಿ ದಾಟುವುದು ಬಿಟ್ಟು ಇಲ್ಲೇಕೆ ನಿಂತಿರಿ ಎಂದು ಕೇಳಿದ್ದಕ್ಕೆ ಅವರು ನನ್ನ ಹೆಲ್ಮೆಟ್ಟನ್ನೂ ಸೈಕಲ್ಲನ್ನೂ ಒಮ್ಮೆ ನೋಡಿದರು. "ಸಿಗ್ನಲ್‌ನಾಗೆ ನಾಕೂ ಕಡೆಯಿಂದ ಬತ್ತಾರೆ. ಯಾರು ಎತ್ಲಾಗೆ ತಿರುಗ್ತಾರೋ ದೇವ್ರಿಗೇ ಗೊತ್ತು. ಇಲ್ಲಾದ್ರೆ ಮೊದ್ಲು ಬಲಗಡೆ ಒಂದೇ ನೋಡ್ಕೊಂಡ್ರೆ ಆಯ್ತು. ನಡುವಕ್ಕೆ ಹೋಗಿ ನಿಂತ್ಕೊಳೋದು, ಆಮೇಲೆ ಎಡಗಡೆ. ಅಲ್ಲಿ ಕೆಂಪು ಬಿದ್ದಾಗ ಇಲ್ಲಿ ರೋಡು ಖಾಲಿ ಆಗ್ತದೆ, ಅಷ್ಟು ಸಾಕು."

ಅವರು ಹೇಳಿದಂತೆಯೇ ಆಯಿತು. ಸಿಗ್ನಲ್ಲಿನಿಂದ ಬರುತ್ತಿದ್ದ ವಾಹನಗಳ ಸಾಲು ಕಡಿದುಹೋಗಿ ರಸ್ತೆ ಖಾಲಿಯಾಯಿತು. ಅವರು ಗಾಡಿಯನ್ನು ಓರೆ ಮಾಡದೆ ನೇರ ತಳ್ಳಿದರು, ನಾನು ಸೈಕಲ್ಲಿನಿಂದ ಇಳಿದು ಒಂದು ಕೈಯಿಂದ ಗಾಡಿಗೆ ಆಸರೆ ಕೊಡುತ್ತ ಪಕ್ಕದಲ್ಲಿ ನಡೆದೆ. ವಿಭಜಕದ ಸಂದಿನಲ್ಲಿ ಗಾಡಿ ಹಿಡಿಸಿತು. ಎರಡು ಸೈಕಲ್ಲು ಒಂದರ ಹಿಂದೊಂದು ಧಾರಾಳವಾಗಿ ಹಿಡಿಸುತ್ತವೆ ಎಂದು ಅಲ್ಲೇ ಲೆಕ್ಕ ಹಾಕಿದೆ. ಆಚೆ ಬದಿ ಸೇರಿದ ಮೇಲೆ, ಎಲ್ಲಿಯ ಕಾಯಿ ಎಂದು ಕೇಳಿದೆ. ಚಿಂತಾಮಣಿಯದಂತೆ. ಹಸಿಕಾಯಿ ಬೇಕಾದರೆ ಪರಿಷೆಗೇ ಬಂದು ತೆಗೆದುಕೊಳ್ಳಿ, ಇಲ್ಲಿ ಮೂಟೆ ಬಿಚ್ಚುವುದಿಲ್ಲ ಎಂದು ಖಂಡಿತವಾಗಿ ಹೇಳಿ, ಅವರು ಮುಂದಿನ ಏರಿಗೆ ಗಾಡಿ ತಿರುಗಿಸಿದರು.

ಅಲ್ಲಿಂದ ಮುಂದಿನದು ಸುಲಭ. ವಿದ್ಯಾಪೀಠ ಸರ್ಕಲ್ಲನ್ನು ಬದಿಗೆ ಬಿಟ್ಟು ಶ್ರೀನಿವಾಸನಗರದ ಒಳಗೆ ನುಗ್ಗಿ ಅಶೋಕನಗರಕ್ಕೆ ಬಂದರೆ, ಹೊಂಗೆ, ಸಂಪಿಗೆ, ಹಳೆಯ ಮನೆಗಳ ಕಾಂಪೌಂಡು. ನಾನು ಬಸವನಗುಡಿಯನ್ನು ಇಷ್ಟಪಡುವುದಕ್ಕೆ ಇರುವ ಕಾರಣಗಳೆಲ್ಲ ಈ ಕೊನೆಯ ತುಂಡಿನಲ್ಲಿವೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಮಾತ್ರ ಸೈಕಲ್ಲು ಹೊರೆ. ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮದ ಕಡೆಯಿಂದಲೂ ಎನ್.ಆರ್. ಕಾಲೊನಿಯ ಕಡೆಯಿಂದಲೂ ಜನ ಒತ್ತಿಕೊಂಡು ಬರುವಾಗ ಹ್ಯಾಂಡಲ್ ಹಿಡಿದು ತಳ್ಳುತ್ತ ಹೋಗುವವನು ಎಲ್ಲರ ಮೊಣಕಾಲಿಗೂ ಶತ್ರು. ಅದಕ್ಕೆಂದೇ ಚಿಕ್ಕಮ್ಮನಿಗೆ ಫೋನು ಮಾಡಿ ಗೇಟಿನ ಒಳಗೆ ಎರಡು ಸೈಕಲ್ಲಿಗೆ ಜಾಗ ಕೇಳಿದೆ. ಜಾಗಕ್ಕೇನು, ಆದರೆ ತಿಂಡಿ ತಿನ್ನದೆ ಹೋದರೆ ಸೈಕಲ್ಲು ಕೊಡುವುದಿಲ್ಲ ಎಂದು ಷರತ್ತು ಹಾಕಿದಳು. ಬರುವಾಗ ಬಟ್ಟೆಯ ಚೀಲ ತನಗೂ ಒಂದು ತರಬೇಕಂತೆ, ಪರಿಷೆಯಲ್ಲಿ ಪ್ಲಾಸ್ಟಿಕ್ ಕೊಡುವುದಿಲ್ಲ ಎಂದು ಅವಳೇ ನೆನಪಿಸಿದಳು.

ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಬಂದು ಮೇಯುತ್ತಿದ್ದ ಬಸವನಿಗೆ ಮೊದಲ ಫಸಲನ್ನು ಒಪ್ಪಿಸುವುದಾಗಿ ಹರಕೆ ಹೊತ್ತರೆಂಬ ಕಥೆಯನ್ನು ಮಗಳಿಗೆ ಮತ್ತೆ ಹೇಳಿದೆ. ಅವಳು ಕೇಳಿದ್ದು ಕಥೆಯನ್ನಲ್ಲ. "ಅವರೆಲ್ಲ ಹೊಲದ ಬದುವಿನ ಮೇಲೆ ನಡ್ಕೊಂಡು ಬರ್ತಿದ್ರು ತಾನೇ ಅಪ್ಪ? ಅವರಿಗೆ ರಿಂಗ್ ರೋಡ್ ಇರಲಿಲ್ಲ." ಇರಲಿಲ್ಲ ನಿಜ. ವೃಷಭಾವತಿ ಹುಟ್ಟುವುದು ಆ ದೊಡ್ಡ ಬಸವಣ್ಣನ ಪಾದದ ಬಳಿ ಎಂಬ ನಂಬಿಕೆಯಿದೆ. ಅದೇ ನೀರು ಹರಿದು ನಮ್ಮ ಕೆಂಗೇರಿಯನ್ನು ಹಾದು, ಬೈರಮಂಗಲದ ಕೆರೆಗೆ ಹೋಗಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅಂದರೆ ನಾವು ನಾಳೆ ಹೊಳೆಯ ಎದುರಿಗೆ, ಅದು ಇಳಿದುಬಂದಷ್ಟು ಎತ್ತರವನ್ನು ಹತ್ತಿಕೊಂಡು ಹೋಗುತ್ತೇವೆ. ಹೊಳೆಯ ದಡದ ಮೇಲೆಯೇ ಒಂದು ಸೈಕಲ್ ದಾರಿ ಇದ್ದಿದ್ದರೆ ಕೆಂಗೇರಿಯಿಂದ ಗವೀಪುರದ ತಪ್ಪಲಿನವರೆಗೆ ಯಾವ ಸಿಗ್ನಲ್ಲೂ ಬೇಕಾಗುತ್ತಿರಲಿಲ್ಲ. ಈಗ ಆ ದಡದಲ್ಲಿ ಮೂಗು ಮುಚ್ಚಿಕೊಳ್ಳದೆ ನಿಲ್ಲಲಾಗುವುದಿಲ್ಲ, ದಾರಿಯ ಮಾತು ದೂರ ಉಳಿಯಿತು. ಇದನ್ನು ಬರೆಯುವಾಗ ಬೇಸರವಾಗುತ್ತದೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಅವಳ ಚಿಂತೆ ರಿಂಗ್ ರೋಡಿನದಲ್ಲ, ನಾಯಿಗಳದು. ನಿಜ ಹೇಳಬೇಕೆಂದರೆ ಅದು ಸರಿಯಾದ ಚಿಂತೆ. ವಾಹನವಿಲ್ಲದ ಬೀದಿ ಬೆಳಗಿನ ಜಾವ ನಾಯಿಗಳ ಬೀದಿ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬಾರದು, ಇಳಿದು ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಬೇಕು ಎಂದು ಹೇಳಿದ್ದೇನೆ. "ನೀನು ಹಿಂದೆ ಬರ್ತೀಯಾ, ಮುಂದೆ ಹೋಗ್ತೀಯಾ?" ಎಂದು ಕೇಳಿದಳು. ಬೀದಿಗಳಲ್ಲಿ ಅವಳು ಮುಂದೆ, ನಾನು ಹಿಂದೆ, ಬಲಕ್ಕೆ ಒಂದು ಗೇಣು ಸರಿದು. ರಿಂಗ್ ರೋಡಿನಲ್ಲಿ ಇಬ್ಬರೂ ಇಳಿದು ತಳ್ಳುವುದು. ಒಪ್ಪಿಕೊಂಡಳು. ಅವಳಮ್ಮ ಅಡುಗೆಮನೆಯಿಂದಲೇ, ಅಷ್ಟೆಲ್ಲ ಯಾಕೆ, ಬಸ್ಸಿನಲ್ಲಿ ಹೋಗಿ ಬನ್ನಿ ಎಂದಳು. ಅದಕ್ಕೆ ಇಬ್ಬರೂ ಉತ್ತರ ಕೊಡಲಿಲ್ಲ.

ಇನ್ನು ಉಳಿದದ್ದು ವಾಪಸಿನ ಲೆಕ್ಕ. ಹಿಂದಿನ ಕ್ಯಾರಿಯರ್ ಮೇಲೆ ಕಡಲೆಕಾಯಿ ಚೀಲ ಕಟ್ಟಿದ ಮೇಲೆ ಸೈಕಲ್ಲು ಹೋಗುವಾಗಿನಷ್ಟು ಹೇಳಿದ ಮಾತು ಕೇಳುವುದಿಲ್ಲ, ಹತ್ತು ಗಂಟೆಯ ಹೊತ್ತಿಗೆ ಚಿಕ್ಕಲಸಂದ್ರದ ಬೀದಿಗಳೂ ಬೆಳಗಿನ ಜಾವದಂತೆ ಇರುವುದಿಲ್ಲ. ಇಳಿಜಾರು ನಮ್ಮ ಕಡೆಗಿರುವುದರಿಂದ ಬೇಗ ಬರಬಹುದೆಂದು ಮಗಳ ವಾದ. ಆದರೆ ಉತ್ತರಹಳ್ಳಿ ದಾಟಿದ ಮೇಲಿನ ಆ ಇಳಿಜಾರಿನ ತುದಿಯಲ್ಲೇ ಟಿಪ್ಪರುಗಳು ತಿರುಗುವ ಜಾಗವಿದೆ, ಅಲ್ಲಿಗೆ ಬರುವ ಮೊದಲೇ ಎಡಕ್ಕೆ ಯಾವುದಾದರೂ ಒಳದಾರಿ ಇದೆಯೇ ಎಂದು ಈಗ ನಕ್ಷೆಯಲ್ಲಿ ನೋಡುತ್ತಿದ್ದೇನೆ, ಒಂದು ಗೆರೆಯೇನೋ ಕಾಣುತ್ತಿದೆ, ಅದು ರಸ್ತೆಯೋ ರಾಜಕಾಲುವೆಯೋ