ನೇತ್ರಾಣಿ: ಸುತ್ತಬಹುದು, ಹತ್ತುವಂತಿಲ್ಲ

ನೇತ್ರಾಣಿ ದ್ವೀಪಕ್ಕೆ ಬೋಟು ಹತ್ತುವುದು ಮುರುಡೇಶ್ವರದಲ್ಲಿ. ಉಡುಪಿಯಿಂದ ಅಲ್ಲಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು ನೂರು ಕಿ.ಮೀ. ಬೇಗ ಹೊರಟರೆ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ, ಎರಡನ್ನೂ ಬಿಸಿಲೇರುವ ಮುಂಚೆ ಕಾಣಬಹುದು. ತಿಂಡಿ ಬೈಂದೂರಿನಲ್ಲಿ. ಕಡಲು ಆಗದವರು ಎರಡು ಇಡ್ಲಿಗೆ ನಿಲ್ಲಿಸುವುದು ಕ್ಷೇಮ, ಬೋಟಿನ ಕುಲುಕಾಟ ಗಂಟೆ ದಾಟುತ್ತದೆ.

ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರ. 123 ಅಡಿಯ ಶಿವ ಹಿಂದೆ ಸರಿಯುತ್ತಾ ಹೆಬ್ಬೆರಳಿನಷ್ಟಾದ ಮೇಲೆ ಮುಂದೆ ಹಸಿರು ತಲೆಯ ಕಡಿದಾದ ಬಂಡೆ ಎದ್ದಿತು. ಬ್ರಿಟಿಷರ ನಕ್ಷೆಗಳಲ್ಲಿ ಇದು ಪಿಜನ್ ಐಲ್ಯಾಂಡ್. ನೌಕಾಪಡೆ ಫಿರಂಗಿಗಳ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಇದನ್ನೇ. ಸಿಡಿಯದ ಶೆಲ್‌ಗಳ ಭಯ ಇನ್ನೂ ಹೋಗಿಲ್ಲ.

"ಮೇಲೆ ಹತ್ತುಕೆ ಬಿಡುದಿಲ್ಲ ಸಾರ್, ಸುತ್ತ ಮುಳುಗಿ ಬನ್ನಿ," ಎಂದ ಬೋಟಿನವನು.

ಮುಳುಗಿದೆವು. ಈಜು ಬಾರದವರನ್ನೂ ತರಬೇತುದಾರರು ಬೆನ್ನಿಗೆ ಕಟ್ಟಿದ ಗಾಳಿಯ ಸಿಲಿಂಡರ್ ಹಿಡಿದುಕೊಂಡೇ ಇಳಿಸುತ್ತಾರೆ. ಒಂದೆರಡು ಮೀಟರಿಗೆ ಕಿವಿ ಕಟ್ಟುತ್ತದೆ, ಮೂಗು ಒತ್ತಿ ಗಾಳಿ ಊದಿದರೆ 'ಟಪ್' ಎಂದು ಬಿಡುತ್ತದೆ. ಆಮೇಲೆ ಕೇಳಿದ್ದು ಕಟಕಟ ಸದ್ದು. ನೀಲಿ-ಹಸಿರು ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆದು ಪಾಚಿ ತಿನ್ನುತ್ತಿತ್ತು. ಕೆರೆದಲ್ಲೆಲ್ಲ ಬಿಳಿ ಗೀರು, ಹಿಂದೆ ಸಣ್ಣ ಮರಳಿನ ಹೊಗೆ. ನಾನು ಮೊಳದಷ್ಟು ಹತ್ತಿರ ಹೋದರೂ ಅದು ಕದಲಲಿಲ್ಲ.

ಬೋಟಿಗೆ ಹತ್ತಿದ ಮೇಲೆ ಮಲ್ಪೆಯ ನನ್ನ ಭಾವ ಶುರು ಮಾಡಿದರು: "ಗುಂಡಿನ ಹೆದರಿಕೆ ಇಲ್ಲದಿದ್ದರೆ ಇಲ್ಲೂ ಚುರುಮುರಿ ಅಂಗಡಿ ಇರ್ತಿತ್ತು ಮಾರಾಯ್ರೆ. ನಮ್ಮ ಸೈಂಟ್ ಮೇರೀಸ್ ದ್ವೀಪದಲ್ಲಿ ಬಾಟ್ಲಿ ಹೆಕ್ಕಿ ಸಾಕಾಗಿದೆ."

ಮಾತಿನಲ್ಲಿ ಹುರುಳಿದೆ. ಆದರೆ ಜನರನ್ನು ದೂರವಿಡಲು ಒಂದು ಬೋರ್ಡು, ಒಂದು ಕಾವಲು ಬೋಟು ಸಾಕು. ಶೆಲ್ ಬೇಕಿಲ್ಲ. ಇಲ್ಲಿಯ ಗುಹೆಗಳಲ್ಲಿ ಬಾನಾಡಿ (ಸ್ವಿಫ್ಟ್‌ಲೆಟ್) ಎಂಬ ಪುಟ್ಟ ಹಕ್ಕಿಗಳು ಜೊಲ್ಲಿನಿಂದ ಗೂಡು ಕಟ್ಟಿ ಗೋಡೆಗೆ ಅಂಟಿಸುತ್ತವೆ. ಮೇಲಿನ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದಿನ ಗೂಡು. ಬಂಡೆ ನಡುಗಿದರೆ ಅಂಥ ಗೂಡು ಎಷ್ಟು ಹೊತ್ತು ನಿಂತೀತು? ಗುರಿ ಕಲಿಯಲು ನೌಕಾಪಡೆಗಳು ಹಡಗಿನ ಹಿಂದೆ ಎಳೆಯುವ ತೇಲುಗುರಿಗಳೂ ಇವೆ. ದೇಶದ ರಕ್ಷಣೆಗೆ ಅಭ್ಯಾಸ ಬೇಡವೆನ್ನುವವನು ನಾನಲ್ಲ, ಈ ಬಂಡೆಯೇ ಯಾಕೆ ಎಂಬುದಷ್ಟೇ ನನ್ನ ತಕರಾರು.

ಭಾವ ಒಪ್ಪಲಿಲ್ಲ. ಭಟ್ಕಳ ದಾಟುವವರೆಗೂ ವಾದ ನಡೆಯಿತು.

ಹೋಗುವವರಿಗೆ: ಮಳೆಗಾಲದಲ್ಲಿ ಬೋಟಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ.